ಹಡಗು ಓಡುತ್ತಿಲ್ಲ ಅಂತ ಬ್ರಿಜ್‌ನಿಂದ ಫೋನ್ ಬಂದಾಗ

ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದಾಗ ದಡದಲ್ಲಿ ನಿಂತು ನೋಡಿದವರೆಲ್ಲ ಹಡಗಿನ ಇಂಜಿನ್ ಕೆಲಸದವನಾದ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ಹಡಗಿನ ಫ್ಯಾನು, ಅಂದರೆ ಪ್ರೊಪೆಲ್ಲರ್, ತಿರುಗಿಸುವ ಇಂಜಿನ್ ಎಷ್ಟು ದೊಡ್ಡದಿರಬಹುದು? ಈಗಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಇಂಜಿನ್ ಫ್ಯಾನು ತಿರುಗಿಸುವುದೇ ಇಲ್ಲ, ಅದು ಬರೀ ಕರೆಂಟು ಮಾಡುತ್ತದೆ, ಫ್ಯಾನು ತಿರುಗಿಸುವುದು ಆ ಕರೆಂಟಿನಿಂದ ಓಡುವ ಮೋಟರ್ ಅಂದರೆ ಅರ್ಧ ಜನ ನಂಬುವುದಿಲ್ಲ. ಹೊಸದಾಗಿ ಹಡಗು ಹತ್ತಿದ ಹುಡುಗರೂ ಇದನ್ನು ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಿಂದ ಫೋನ್ ಬಂದು "ಪ್ರೊಪಲ್ಷನ್ ಹೋಯ್ತು" (ಹಡಗನ್ನು ತಳ್ಳುವ ಶಕ್ತಿ ಹೋಯ್ತು) ಅಂದ ಕೂಡಲೇ ಮೋಟರ್ ರೂಮಿನ ಕಡೆ ಓಡುತ್ತಾರೆ. ನಾನೂ ಓಡಿದವನೇ.

ಮೋಟರ್ ನಿಂತಿದೆ ಅಂದರೆ ಹತ್ತರಲ್ಲಿ ಎಂಟು ಸಲ ಮೋಟರ್‌ದು ತಪ್ಪೇ ಇರುವುದಿಲ್ಲ. ಅದಕ್ಕೆ ಊಟ ಹಾಕುವವರು ಯಾರೋ ಹಿಂದೆ ಕೈಕೊಟ್ಟಿರುತ್ತಾರೆ. ಈ ಹತ್ತು, ಎಂಟು ಎಲ್ಲ ನನ್ನ ಅನುಭವದ ಲೆಕ್ಕ ಅಷ್ಟೇ.

ಮೊದಲು ಸರಪಳಿ ತಿಳಿದುಕೊಳ್ಳಿ

ಒಯಾಸಿಸ್ ಆಫ್ ದ ಸೀಸ್ ಹಡಗನ್ನೇ ತೆಗೆದುಕೊಳ್ಳಿ. ಅದರಲ್ಲಿ ವಾರ್ಟ್‌ಸಿಲಾ 46 ಜಾತಿಯ ಆರು ಡೀಸೆಲ್ ಇಂಜಿನ್‌ಗಳಿವೆ. ಮೂರು 12 ಸಿಲಿಂಡರಿನವು, ಮೂರು 16 ಸಿಲಿಂಡರಿನವು. ಎಲ್ಲ ಸೇರಿ ಸುಮಾರು 97 ಮೆಗಾವಾಟ್. ಹಿಂಭಾಗದಲ್ಲಿ ನೀರಿನೊಳಗೆ ತೂಗುವ ಮೂರು ಪಾಡ್‌ಗಳು, ಒಂದೊಂದೂ 20 ಮೆಗಾವಾಟ್. ಪಾಡ್ ಅಂದರೆ ಮೋಟರನ್ನೇ ಒಳಗಿಟ್ಟುಕೊಂಡ ಉಕ್ಕಿನ ಗೂಡು. ಅದರ ತುದಿಗೆ ಪ್ರೊಪೆಲ್ಲರ್. ಗೂಡು ಪೂರ್ತಿ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಡ. ಕ್ರೂಸ್ ಹಡಗಿಗೆ ಇದು ಮೊದಲು ಬಂದದ್ದು 1998ರಲ್ಲಿ, ಕಾರ್ನಿವಲ್ ಎಲೇಷನ್‌ಗೆ.

ಇಂಜಿನ್‌ನಿಂದ ಪ್ರೊಪೆಲ್ಲರ್‌ವರೆಗೆ ದಾರಿ ಹೀಗಿದೆ. ಇಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 514 ಸುತ್ತು ತಿರುಗುತ್ತದೆ, ಅದಕ್ಕೆ ಜೋಡಿಸಿದ, ಕರೆಂಟು ಮಾಡುವ 14 ಪೋಲ್ ಆಲ್ಟರ್ನೇಟರ್ 60 ಹರ್ಟ್ಸ್ ಕೊಡಬೇಕಾದರೆ ಅಷ್ಟೇ ವೇಗ ಬೇಕು. ಅಲ್ಲಿಂದ 11 ಸಾವಿರ ವೋಲ್ಟ್ ಮೇನ್ ಸ್ವಿಚ್‌ಬೋರ್ಡಿಗೆ ಹೋಗುತ್ತದೆ, ಕೆಲವು ಹಡಗಿನಲ್ಲಿ 6,600. ಬೋರ್ಡು ಎರಡು ಭಾಗ, ನಡುವೆ ಎರಡನ್ನೂ ಜೋಡಿಸುವ ದೊಡ್ಡ ಸ್ವಿಚ್, ಬಸ್ ಟೈ. ಆಮೇಲೆ ಟ್ರಾನ್ಸ್‌ಫಾರ್ಮರ್, ಕನ್ವರ್ಟರ್, ಮೋಟರ್. ಕನ್ವರ್ಟರ್ ಕೆಲಸ ಏನೆಂದರೆ 60 ಹರ್ಟ್ಸ್ ಕರೆಂಟನ್ನು ಕತ್ತರಿಸಿ ಜೋಡಿಸಿ ಮೋಟರಿಗೆ ಬೇಕಾದ ಕಡಿಮೆ ಹರ್ಟ್ಸ್ ಮಾಡಿ ಕೊಡುವುದು. ಇಂಜಿನ್ ಸದಾ ಒಂದೇ ವೇಗ. ಪ್ರೊಪೆಲ್ಲರ್ ಮಾತ್ರ ಕ್ಯಾಪ್ಟನ್ ಕೇಳಿದ ವೇಗ.

ಇಷ್ಟರ ಜೊತೆಗೆ ಕಣ್ಣಿಗೆ ಬೀಳದ ನಾಲ್ಕು ಜನ ಕೆಲಸಗಾರರಿದ್ದಾರೆ: ಇಂಧನ, ಲ್ಯೂಬ್ ಆಯಿಲ್ (ಬೇರಿಂಗ್ ಸವೆಯದಂತೆ ಹರಿಯುವ ಎಣ್ಣೆ), ತಂಪು ನೀರು, ಗಾಳಿ. ದೊಡ್ಡ ದೊಡ್ಡ ಹಡಗುಗಳನ್ನು ನಿಲ್ಲಿಸಿದ್ದು ಜಾಸ್ತಿ ಇವರೇ.

ಅಲಾರಂ ಪಟ್ಟಿಯನ್ನು ಕೆಳಗಿನಿಂದ ಓದಿ

ಹಡಗಿನ ಕರೆಂಟು ಪೂರ್ತಿ ಹೋಗಿ ಬ್ಲ್ಯಾಕೌಟ್ ಆದಾಗ ಕಂಟ್ರೋಲ್ ರೂಮಿನ ಪರದೆ ಮೇಲೆ ಒಂದು ನಿಮಿಷದಲ್ಲಿ ನೂರಾರು ಅಲಾರಂ ಬರುತ್ತವೆ. ಪಂಪ್ ನಿಂತಿತು, ಗಾಳಿ ಫ್ಯಾನ್ ನಿಂತಿತು, ಒತ್ತಡ ಇಳಿಯಿತು, ಲಿಫ್ಟ್ ನಿಂತಿತು. ಇವೆಲ್ಲ ಮಕ್ಕಳು ಮೊಮ್ಮಕ್ಕಳು. ನಿಮಗೆ ಬೇಕಾದದ್ದು ಅಜ್ಜ, ಅಂದರೆ ಎಲ್ಲಕ್ಕೂ ಮೊದಲು ಬಂದ ಅಲಾರಂ. ಹೊಸ ಅಲಾರಂ ಮೇಲೆ ಬರುವ ಹಾಗೆ ಪಟ್ಟಿ ಇಟ್ಟಿರುತ್ತಾರೆ, ಹಾಗಾಗಿ ಅಜ್ಜ ಕೆಳಗೆಲ್ಲೋ ಕೂತಿರುತ್ತಾನೆ. ಕೆಳಗೆ ಹೋಗಿ. ಕರೆಂಟು ಕಡಿಯುವ ಬ್ರೇಕರ್ ಬಿದ್ದ ಕ್ಷಣ ಸಿಕ್ಕ ಮೇಲೂ ನಿಲ್ಲಬೇಡಿ, ಅಲ್ಲಿಂದ ಇನ್ನೂ ಹತ್ತು ಹನ್ನೆರಡು ಗಂಟೆ ಹಿಂದಿನವರೆಗೆ ನೋಡಿ. ಬಂದು ತಾನೇ ಹೋದ ಅಲಾರಂಗಳನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳಿ.

ಇಲ್ಲೊಂದು ಎಡವಟ್ಟಿದೆ. ಅಲಾರಂ ಸಿಸ್ಟಮ್‌ನ ಗಡಿಯಾರ, ಕನ್ವರ್ಟರಿನ ಗಡಿಯಾರ, ಬ್ರಿಜ್‌ನ ಗಡಿಯಾರ ಒಂದೇ ಸಮಯ ತೋರಿಸುತ್ತವೆ ಅಂತ ನಂಬಬೇಡಿ. ನಾನೊಂದು ಹಡಗಿನಲ್ಲಿ ಕನ್ವರ್ಟರ್ ಗಡಿಯಾರ ನಾಲ್ಕು ನಿಮಿಷ ಮುಂದಿದ್ದದ್ದು ಗೊತ್ತಿಲ್ಲದೆ ಇಡೀ ವಾಚ್ ಕಾಲ, ಅಂದರೆ ಪೂರ್ತಿ ಪಾಳಿ, ಕಾರಣವನ್ನು ಪರಿಣಾಮ ಅಂತಲೂ ಪರಿಣಾಮವನ್ನು ಕಾರಣ ಅಂತಲೂ ಓದುತ್ತಾ ಕೂತಿದ್ದೆ. ಎಲ್ಲ ಪರದೆಗಳ ಸಮಯವನ್ನು ಪಕ್ಕಪಕ್ಕ ಬರೆದಿಟ್ಟುಕೊಂಡೇ ಶುರು ಮಾಡಿ. ಎರಡು ನಿಮಿಷದ ಕೆಲಸ.

ಎಲ್ಲ ಕತ್ತಲಾದರೆ

ಎಮರ್ಜೆನ್ಸಿ ಜನರೇಟರ್ 45 ಸೆಕೆಂಡ್ ಒಳಗೆ ತಾನೇ ಶುರುವಾಗಿ ಲೋಡ್ ತೆಗೆದುಕೊಳ್ಳಬೇಕು, ಅದು ಸೋಲಾಸ್, ಅಂದರೆ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ನಿಯಮ. ಅದು ಬಂತು ಅಂದ ಕೂಡಲೇ ಹಡಗು ಓಡುತ್ತದೆ ಅಂದುಕೊಳ್ಳಬೇಡಿ. ಅದು ದೀಪ, ರೇಡಿಯೋ, ಫೈರ್ ಪಂಪ್ ಇಂಥವಕ್ಕೆ ಮಾತ್ರ. ಫ್ಯಾನು ತಿರುಗಬೇಕಾದರೆ ದೊಡ್ಡ ಇಂಜಿನ್ ಒಂದಾದರೂ ಬರಬೇಕು.

ಕತ್ತಲಾಗುವ ಮುಂಚಿನ ಕೆಲವು ಸೆಕೆಂಡ್‌ಗಳ ಟ್ರೆಂಡ್, ಅಂದರೆ ಅಂಕಿಗಳ ಏರಿಳಿತದ ಗ್ರಾಫ್, ತೆಗೆದು ಎರಡು ಗೆರೆ ನೋಡಿ, ಫ್ರೀಕ್ವೆನ್ಸಿ ಮತ್ತು ವೋಲ್ಟೇಜ್. ಫ್ರೀಕ್ವೆನ್ಸಿ ಮೊದಲು ಜಾರಿದ್ದರೆ ಡೀಸೆಲ್ ಕಡೆ ಹೋಗಿ: ಇಂಧನ, ಇಂಜಿನ್ ವೇಗ ಹಿಡಿದಿಡುವ ಗವರ್ನರ್, ಅಥವಾ ತಾಳಲಾರದಷ್ಟು ಲೋಡ್. ಫ್ರೀಕ್ವೆನ್ಸಿ ಗಟ್ಟಿಯಾಗಿದ್ದು ವೋಲ್ಟೇಜ್ ಮಾತ್ರ ಬಿದ್ದಿದ್ದರೆ ಆಲ್ಟರ್ನೇಟರಿನ ಎಕ್ಸೈಟೇಷನ್, ಅಂದರೆ ವೋಲ್ಟೇಜ್ ಸರಿಯಾಗಿ ಇಡುವ ಎವಿಆರ್ ಕಡೆ ಹೋಗಿ. ಎರಡೂ ನೆಟ್ಟಗಿದ್ದು ಒಮ್ಮೆಲೇ ಕತ್ತರಿಸಿದ ಹಾಗೆ ಹೋಗಿದ್ದರೆ ಶಾರ್ಟ್ ಸರ್ಕ್ಯೂಟ್ ಅಥವಾ ದೋಷ ಕಂಡರೆ ಬ್ರೇಕರ್ ಬೀಳಿಸುವ ಪ್ರೊಟೆಕ್ಷನ್ ರಿಲೇ ನೋಡಿ. ಇದು ಮೋಟಾ ಲೆಕ್ಕ, ಆದರೆ ಮೊದಲ ಐದು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ.

ಒಂದು ಇಂಜಿನ್ ಮಾತ್ರ ಸುಸ್ತಾದರೂ ಎಲ್ಲ ಬೀಳಬಹುದು. ಅದಕ್ಕೆ ಇಂಧನ ಸಿಗದಿದ್ದರೆ ಉಳಿದವು ಅದನ್ನೇ ಮೋಟರ್ ತರ ತಿರುಗಿಸಲು ಶುರು ಮಾಡುತ್ತವೆ, ರಿವರ್ಸ್ ಪವರ್ ರಿಲೇ ಅದರ ಬ್ರೇಕರ್ ಬೀಳಿಸುತ್ತದೆ, ಅದರ ಪಾಲಿನ ಭಾರವೂ ಉಳಿದವರ ತಲೆ ಮೇಲೆ. ಆ ಕ್ಷಣಕ್ಕೆ ಪವರ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಪ್ರೊಪಲ್ಷನ್ ಲೋಡ್ ಇಳಿಸಿ ಬೋರ್ಡನ್ನು ಉಳಿಸಬೇಕು. ಇಳಿಸಲಿಲ್ಲ ಅಂದರೆ ನಿಮ್ಮ ಬಳಿ ಎರಡು ದೋಷಗಳಿವೆ, ಒಂದಲ್ಲ. ಇಂಜಿನ್ ರಿಪೇರಿ ಮಾಡಿ ಖುಷಿಪಟ್ಟು ಎರಡನೆಯದನ್ನು ಮರೆತರೆ ಅದು ಮುಂದಿನ ಸಲಕ್ಕೆ ಕಾದು ಕೂತಿರುತ್ತದೆ.

ಎಣ್ಣೆ ಕಡಿಮೆ, ಅಲೆ ಜಾಸ್ತಿ

ಲ್ಯೂಬ್ ಆಯಿಲ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. 2019ರ ಮಾರ್ಚ್ 23ರಂದು ವೈಕಿಂಗ್ ಸ್ಕೈ ಹಡಗು ನಾರ್ವೆಯ ಟ್ರೋಮ್ಸೋದಿಂದ ಸ್ಟಾವಂಗರ್ ಕಡೆ ಹೊರಟಿತ್ತು. ಹುಸ್ತಾದ್‌ವಿಕಾ ಅನ್ನುವ ಬಂಡೆಗಳ ಕರಾವಳಿ, ಬಿರುಗಾಳಿ, 1,373 ಜನ. ನಾಲ್ಕು ಡೀಸೆಲ್ ಜನರೇಟರ್‌ಗಳಲ್ಲಿ ಒಂದು, ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೋಚಾರ್ಜರ್ ಕೆಟ್ಟು, ಮೊದಲೇ ಮೂಲೆಗೆ ಬಿದ್ದಿತ್ತು. ಉಳಿದ ಮೂರು ಮಧ್ಯಾಹ್ನ ಒಂದಾದ ಮೇಲೊಂದು ನಿಂತು 13:58ಕ್ಕೆ ಪೂರ್ತಿ ಬ್ಲ್ಯಾಕೌಟ್. ಆಂಕರ್ ಹಾಕಿದರೂ ಹಡಗು ಬಂಡೆಗಳ ಕಡೆ ಜಾರಿತು. ಹಡಗಿನ ಉದ್ದದಷ್ಟು ಅಂತರದಲ್ಲಿ ಬಚಾವಾಯಿತು. 479 ಪ್ರಯಾಣಿಕರನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು.

ಇಂಜಿನ್‌ಗಳಿಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಇಂಜಿನ್ ಕೆಳಗಿನ ಸಂಪ್ ಟ್ಯಾಂಕಿನಲ್ಲಿ ಎಣ್ಣೆ 28ರಿಂದ 40 ಪರ್ಸೆಂಟ್ ಇತ್ತು. ತಯಾರಕರು ಹೇಳಿದ್ದು 68ರಿಂದ 75. ಸಮುದ್ರ ಶಾಂತವಾಗಿದ್ದಾಗ ಅಷ್ಟೇ ಎಣ್ಣೆಯಲ್ಲಿ ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಹಡಗು ಹೊಯ್ದಾಡಿದಾಗ ಎಣ್ಣೆ ಟ್ಯಾಂಕಿನ ಒಂದು ಮೂಲೆಗೆ ಓಡಿ ಪಂಪಿನ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಅರ್ಧ ಸೌಟು ಸಾಂಬಾರಿರುವ ಪಾತ್ರೆಯನ್ನು ಬಾಗಿಸಿದ ಹಾಗೆ. ಪಂಪ್ ಗಾಳಿ ಎಳೆಯಿತು, ಒತ್ತಡ ಬಿತ್ತು, ಬೇರಿಂಗ್ ಸುಡಬಾರದು ಅಂತ ಇಂಜಿನ್ ತಾನೇ ನಿಂತಿತು. ಅದು ಮಾಡಬೇಕಾದ ಕೆಲಸವನ್ನೇ ಮಾಡಿತು.

ನನಗೆ ಇದರಲ್ಲಿ ಎದ್ದು ಕಾಣುವುದು ಬೇರೆಯೇ. ಅದೇ ದಿನ ಬೆಳಗ್ಗೆ 5ರಿಂದ 9ರ ನಡುವೆ ಎಣ್ಣೆ ಮಟ್ಟ ಕಡಿಮೆ ಅಂತ 18 ಅಲಾರಂ ಬಂದಿದ್ದವು. ಪ್ರತಿಯೊಂದೂ ಕೆಲವೇ ಸೆಕೆಂಡಿನಲ್ಲಿ ಸರಿಯಾಗಿತ್ತು. ಹಡಗು ಹೊಯ್ದಾಡುವಾಗ ಲೆವೆಲ್ ಅಲಾರಂ ಬಂದು ಹೋಗುವುದು ಮಾಮೂಲು ಅಂತ ಅಂದು ಅಲ್ಲಿ ನಾನಿದ್ದರೂ ಬಟನ್ ಒತ್ತುತ್ತಿದ್ದೆನೇನೋ. ಅದಕ್ಕೇ ಅಜ್ಜನನ್ನು ಹುಡುಕಿ ಅಂದದ್ದು.

ಪರೀಕ್ಷೆ ಮಾಡುವ ಬಗೆ: ಪರದೆ ಮೇಲಿನ ಪರ್ಸೆಂಟೇಜ್ ಬಿಡಿ, ಕೈಯಲ್ಲಿ ಸೌಂಡಿಂಗ್ ತೆಗೆಯಿರಿ, ಅಂದರೆ ಟ್ಯಾಂಕಿನ ಎಣ್ಣೆಯ ಆಳ ನೀವೇ ಅಳೆಯಿರಿ. ಇಂಜಿನ್ ನಿಂತಾಗ ಎಷ್ಟು, ಓಡುವಾಗ ಎಷ್ಟು, ಎರಡೂ ಬರೆಯಿರಿ. ಇಂಜಿನ್ ತಾನೇ ನಿಂತ ಮೇಲೆ ಹೋಗಿ ನೋಡಿದರೆ ಮಟ್ಟ ಚೆನ್ನಾಗಿಯೇ ಕಾಣಬಹುದು, ಯಾಕೆಂದರೆ ಮೇಲಿದ್ದ ಎಣ್ಣೆಯೆಲ್ಲ ಕೆಳಗೆ ಇಳಿದು ಬಂದಿರುತ್ತದೆ, ಅಷ್ಟರಲ್ಲಿ ಹಡಗೂ ನೆಟ್ಟಗಾಗಿರುತ್ತದೆ. ಒತ್ತಡದ ಟ್ರೆಂಡ್ ಗೆರೆ ಹೊಯ್ದಾಟದ ತಾಳಕ್ಕೆ ಸರಿಯಾಗಿ ಏರಿಳಿದಿದ್ದರೆ ಪಂಪನ್ನು ಬಿಚ್ಚಬೇಡಿ, ಫಿಲ್ಟರ್ ಬಿಚ್ಚಬೇಡಿ, ಎಣ್ಣೆ ಹಾಕಿ. ಗೆರೆ ನಿಧಾನವಾಗಿ, ದಿನಗಟ್ಟಲೆ ಇಳಿದಿದ್ದರೆ ಆಗ ಫಿಲ್ಟರ್, ಕೂಲರ್, ಬೇರಿಂಗ್ ಸವೆತ. ಯಂತ್ರಗಳು ಎರಡೂ ಬದಿಗೆ 22.5 ಡಿಗ್ರಿ ಉರುಳಾಟ, ಮುಂದೆ ಹಿಂದೆ 7.5 ಡಿಗ್ರಿ ಏರಿಳಿತದಲ್ಲೂ ಓಡಬೇಕು ಅಂತ ಸೋಲಾಸ್ ಹೇಳುತ್ತದೆ. ಆ ಮಾತು ಸಂಪ್‌ನಲ್ಲಿ ಎಣ್ಣೆ ಇದ್ದರೆ ಮಾತ್ರ ನಿಜ, ಅಲ್ವಾ?

ಇಂಧನ ಬದಲಿಸಿದ ಗಂಟೆಯಲ್ಲಿ

ಹೆವಿ ಫ್ಯೂಯಲ್ ಆರಿದಾಗ ಬೆಲ್ಲದ ಪಾಕದ ಹಾಗೆ. 130 ಡಿಗ್ರಿ ಆಸುಪಾಸು ಬಿಸಿ ಮಾಡಿದರೆ ಮಾತ್ರ ಇಂಜಿನ್‌ಗೆ ಇಳಿಯುತ್ತದೆ. ಮರೀನ್ ಗ್ಯಾಸ್ ಆಯಿಲ್ ಹಾಗಲ್ಲ, ತಣ್ಣಗೇ ನೀರಿನ ಹಾಗಿರುತ್ತದೆ. 2015ರಿಂದ ಯುರೋಪಿನ ಉತ್ತರ ಕಡಲು, ಅಮೆರಿಕದ ತೀರ ಇಂಥ ಕಡೆ ಗಂಧಕ 0.10 ಪರ್ಸೆಂಟ್ ಮೀರಬಾರದು ಅನ್ನುವ ನಿಯಮ ಇರುವುದರಿಂದ ಗಡಿ ದಾಟುವಾಗ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಹಡಗುಗಳು ಬಹಳ. ಬದಲಿಸುವಾಗ ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ತಾಪ ಬದಲಾಗಬಾರದು. ಅವಸರ ಮಾಡಿದರೆ ಫ್ಯೂಯಲ್ ಪಂಪಿನೊಳಗೆ ಮೇಲೆ ಕೆಳಗೆ ಓಡಾಡುವ ಪ್ಲಂಜರ್ ಹಿಡಿದುಕೊಳ್ಳುತ್ತದೆ.

ಬದಲಿಸಿದ ಮೇಲೆ ಇಂಜಿನ್ ಲೋಡ್ ತೆಗೆಯುತ್ತಿಲ್ಲ ಅಂದರೆ ಮೊದಲು ವಿಸ್ಕಾಸಿಟಿ, ಅಂದರೆ ಇಂಧನ ಎಷ್ಟು ಮಂದ ಎಷ್ಟು ತೆಳು ಅಂತ, ನೋಡಿ. ತೆಳು ಇಂಧನ ಸವೆದ ಪಂಪಿನ ಸಂದಿಯಲ್ಲೇ ಸೋರಿಹೋಗುತ್ತದೆ. ಫಿಲ್ಟರಿನ ಒತ್ತಡ ವ್ಯತ್ಯಾಸ ಏರುತ್ತಿದ್ದರೆ ಎರಡು ಇಂಧನಗಳು ಒಂದಕ್ಕೊಂದು ಒಗ್ಗದೆ ಕೆಸರು ಕಟ್ಟಿವೆ. ಒಂದೇ ಸಿಲಿಂಡರಿನ ಹೊಗೆ ತಾಪ ಇಳಿದಿದ್ದರೆ ಅದರ ಇಂಜೆಕ್ಟರ್ ಅಥವಾ ಪಂಪ್. ಎಲ್ಲವೂ ಒಟ್ಟಿಗೆ ಏರಿದ್ದರೆ ಇಂಧನವನ್ನು ಬಿಟ್ಟು ಗಾಳಿ ಕಡೆ ಹೋಗಿ, ಟರ್ಬೋಚಾರ್ಜರ್ ಅಥವಾ ಏರ್ ಕೂಲರ್ ಕೊಳಕಾಗಿದೆ.

ದೀಪ ಇದೆ, ವೇಗ ಇಲ್ಲ

ಪ್ರಯಾಣಿಕರಿಗೆ ಗೊತ್ತೇ ಆಗದ ದೋಷ ಇದು. ಎಸಿ ಓಡುತ್ತಿದೆ, ಮೇಲೆ ಹಾಡು ಕೇಳುತ್ತಿದೆ, ಹಡಗು ಮಾತ್ರ ತೆವಳುತ್ತಿದೆ.

ಮೆಡಿಟರೇನಿಯನ್‌ನಲ್ಲಿ ಆಗಸ್ಟ್ ತಿಂಗಳು. ಬಂದರಿನಿಂದ ಹೊರಟು ಎರಡು ಗಂಟೆ ಆಗಿತ್ತು. ಬ್ರಿಜ್ 20 ನಾಟ್ ಕೇಳಿದರೆ 15 ಸಿಗುತ್ತಿದೆ. ಪರದೆ ಮೇಲೆ ಎರಡೂ ಮೋಟರಿಗೆ ಪವರ್ ಲಿಮಿಟ್ ಅಂತ ಹಳದಿ ದೀಪ. ಟ್ರಾನ್ಸ್‌ಫಾರ್ಮರ್ ತಾಪ ಜಾಸ್ತಿ. ನಾನೂ ಎಲೆಕ್ಟ್ರಿಕಲ್ ಆಫೀಸರೂ ಕನ್ವರ್ಟರ್ ರೂಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಮೂರು ಗಂಟೆ ಕೂತೆವು. ಸೆನ್ಸರ್ ಬದಲಿಸಿದೆವು, ಕಾರ್ಡ್ ತೆಗೆದು ಹಾಕಿದೆವು, ತಯಾರಕರಿಗೆ ಮೇಲ್ ಬರೆದೆವು. ಎರಡೂ ಬದಿಗೆ ಒಂದೇ ತೊಂದರೆ ಒಟ್ಟಿಗೆ ಬಂದರೆ ಕಾರಣ ಎರಡಕ್ಕೂ ಸೇರಿದ ಜಾಗದಲ್ಲಿರಬೇಕು ಅನ್ನುವ ಸಣ್ಣ ಮಾತು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಕುಂದಾಪುರ ಕಡೆಯ ಮೋಟರ್‌ಮ್ಯಾನ್ ಒಬ್ಬರಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಅಣ್ಣ ಅಂತಿದ್ದೆ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಎಂತ ಮಾರಾಯ್ರೆ, ಆ ಕಂಪ್ಯೂಟರ್ ಕಾಂತಾ ಕೂತ್ರೆ ಆತ್ತಾ? ಒಂದ್ಸಲ ಬಂದ್ ಪೈಪ್ ಮುಟ್ಟಿ ಕಾಣಿ" ಅಂದರು.

ಕೆಳಗೆ ಇಳಿದು ಮುಟ್ಟಿದೆ. ಎಲ್‌ಟಿ, ಅಂದರೆ ಕಡಿಮೆ ತಾಪದ, ಕೂಲಿಂಗ್ ನೀರಿನ ಪೈಪ್ ಮೇಲೆ ಕೈ ಇಡಲು ಕಷ್ಟ ಅಲ್ಲ, ಆದರೆ ಇರಬೇಕಾದ್ದಕ್ಕಿಂತ ಬಿಸಿ. 36 ಇರಬೇಕಾದ್ದು 44. ಆ ನೀರನ್ನು ತಣ್ಣಗಾಗಿಸುವ ಸಮುದ್ರ ನೀರಿನ ಪಂಪಿನ ಗೇಜಿನಲ್ಲಿ ಮುಳ್ಳು ನಡುಗುತ್ತಿತ್ತು. ಸಮುದ್ರ ನೀರಿನ ಕಸ ಹಿಡಿಯುವ ಸ್ಟ್ರೇನರಿನ ಒತ್ತಡ ವ್ಯತ್ಯಾಸ ತೋರಿಸುವ ಗೇಜು ಮಾತ್ರ ಸೊನ್ನೆಯಲ್ಲಿ ಶಾಂತವಾಗಿ ಕೂತಿತ್ತು. ಅದರ ಬುಡದ ಸಣ್ಣ ವಾಲ್ವ್ ಅನ್ನು ಯಾವಾಗಲೋ ಯಾರೋ ಮುಚ್ಚಿದ್ದರು. ಇನ್ನೊಂದು ಬದಿಯ ಸೀ ಚೆಸ್ಟಿಗೆ, ಅಂದರೆ ಸಮುದ್ರ ನೀರು ಒಳಬರುವ ಬಾಯಿಗೆ, ಬದಲಿಸಿ ಸ್ಟ್ರೇನರ್ ಮುಚ್ಚಳ ಬಿಚ್ಚಿದೆವು. ಬುಟ್ಟಿ ತುಂಬ ಪಾಚಿ, ಪ್ಲಾಸ್ಟಿಕ್ ಚೀಲಗಳು, ಅಂಗೈ ಅಗಲದ ನೀಲಿ ಟಾರ್ಪಾಲಿನ್ ತುಂಡುಗಳು, ಅಡಿಯಲ್ಲಿ ಒಂದು ಹಿಡಿ ಮರುವಾಯಿಯಂಥ ಸಣ್ಣ ಚಿಪ್ಪುಗಳು. ವಾಸನೆ ಹೇಳುವುದು ಬೇಡ. ಇಪ್ಪತ್ತು ನಿಮಿಷಕ್ಕೆ ನೀರು 37ಕ್ಕೆ ಬಂತು, ಹಳದಿ ದೀಪ ತಾನಾಗಿಯೇ ಆರಿತು.

ಆಮೇಲೆ ಪಟ್ಟಿ ನೋಡಿದರೆ ಮೊದಲ ಅಲಾರಂ ಹೊರಡುವ ಹೊತ್ತಿನದು. ಸಮುದ್ರ ನೀರಿನ ಒತ್ತಡ ಕಡಿಮೆ, 17:10. ಹೊರಡುವ ಗಡಿಬಿಡಿಯಲ್ಲಿ ಬಂದ ಮೂವತ್ತು ಅಲಾರಂಗಳ ಜೊತೆ ಅದನ್ನೂ ಒತ್ತಿ ಮುಗಿಸಿದವನು ನಾನೇ. ಆಳ ಕಡಿಮೆ ಇರುವ ಬಂದರಿನಲ್ಲಿ ಮೇಲಿನ ಸೀ ಚೆಸ್ಟ್ ಬಳಸಿ, ಕೆಳಗಿನದು ಕೆಸರು ಎಳೆಯುತ್ತದೆ. ಹೊರಗೆ ಅಲೆ ಇದ್ದರೆ ಕೆಳಗಿನದಕ್ಕೆ ಬನ್ನಿ, ಮೇಲಿನದು ಗಾಳಿ ಎಳೆಯುತ್ತದೆ.

ತೊಂದರೆ ಒಂದೇ ಬದಿಗಿದ್ದರೆ ಕಥೆ ಬೇರೆ. ಕನ್ವರ್ಟರನ್ನು ತಂಪಿಡುವ ಶುದ್ಧ ನೀರಿನ ಕಂಡಕ್ಟಿವಿಟಿ (ಕರೆಂಟು ಹರಿಸುವ ಗುಣ) ಏರಿದೆಯಾ ನೋಡಿ, ಏರಿದ್ದರೆ ಆ ನೀರು ಶುದ್ಧ ಮಾಡುವ ರೆಸಿನ್ ಮುಗಿದಿದೆ. ಡ್ರೈಡಾಕ್, ಅಂದರೆ ಹಡಗನ್ನು ನೀರಿನ ಹೊರಗಿಟ್ಟು ಮಾಡುವ ರಿಪೇರಿ, ಮುಗಿಸಿ ಬಂದ ಹೊಸತಾದರೆ ಮೋಟರಿನ ಹೀಟರ್ ಆಫ್ ಆಗಿತ್ತಾ ಕೇಳಿ, ತೇವ ಹಿಡಿದು ಇನ್ಸುಲೇಷನ್ ಇಳಿದಿರುತ್ತದೆ. ಎರಡೂ ಬದಿ ಒಂದೇ ಸುತ್ತಿನಲ್ಲಿ ಓಡಿಸಿ ಪವರ್ ಹೋಲಿಸಿ. ಒಂದು ಬದಿ ಜಾಸ್ತಿ ತಿನ್ನುತ್ತಾ ಜೊತೆಗೆ ನಡುಗುತ್ತಿದ್ದರೆ ಬಲೆಯೋ ಹಗ್ಗವೋ ಸುತ್ತಿದೆ. ಪಾಡ್ ಆದರೆ ಬೇರಿಂಗ್ ಎಣ್ಣೆಯ ಸ್ಯಾಂಪಲ್ ತೆಗೆಯಿರಿ. ನೀರಿದ್ದರೆ ಸೀಲ್, ಲೋಹದ ಪುಡಿ ಇದ್ದರೆ ಬೇರಿಂಗ್. ಇದಕ್ಕೆ ಸಮುದ್ರದ ಮಧ್ಯೆ ಔಷಧಿ ಇಲ್ಲ, ಸುತ್ತು ಇಳಿಸಿಕೊಂಡು ಡಾಕಿಗೆ ಹೋಗಬೇಕು.

ಸುಮ್ಮನಿರುವ ಸೆನ್ಸರ್

ನಮ್ಮ ಸೊನ್ನೆ ಗೇಜಿನ ದೊಡ್ಡಣ್ಣ ಕ್ವೀನ್ ಮೇರಿ 2 ಹಡಗಿನಲ್ಲಿ ಸಿಗುತ್ತದೆ. 2010ರ ಸೆಪ್ಟೆಂಬರ್ 23, ಬೆಳಗಿನ ಜಾವ, ಬಾರ್ಸಿಲೋನಾ ಹತ್ತಿರ. ಹಾರ್ಮೋನಿಕ್ ಫಿಲ್ಟರ್ ರೂಮಿನಲ್ಲಿ ಕೆಪಾಸಿಟರ್ ಸಿಡಿಯಿತು, ಕೆಲವೇ ಸೆಕೆಂಡಿನಲ್ಲಿ ನಾಲ್ಕೂ ಪಾಡ್ ನಿಂತವು, ಆಮೇಲೆ ಹಡಗು ಕತ್ತಲಾಯಿತು. ಕನ್ವರ್ಟರ್‌ಗಳು ಕರೆಂಟನ್ನು ಕತ್ತರಿಸುವಾಗ ಅಲೆಯ ಆಕಾರ ಕೆಡುತ್ತದೆ, ಅದನ್ನು ತೊಳೆಯುವುದು ಈ ಫಿಲ್ಟರ್. ಕೆಪಾಸಿಟರ್ ಹಳೆಯದಾಗಿ ಹಾಳಾಗುತ್ತಿದೆ ಅಂತ ಎಚ್ಚರಿಸಲು ಇದ್ದದ್ದು ಕರೆಂಟ್ ಅಸಮತೋಲ ಗುರುತಿಸುವ ಒಂದೇ ಸಾಧನ. ಅದೇ ವರ್ಷಗಳಿಂದ ಕೆಲಸ ಮಾಡುತ್ತಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ.

ಹಾಗಾಗಿ ಅಲಾರಂ ಬರಲಿಲ್ಲ ಅನ್ನುವುದನ್ನು ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. ಸೆನ್ಸರ್ ಬದುಕಿದೆಯಾ ಅಂತ ಮೊದಲು ನೋಡಿ. ಅಲುಗಾಡದೆ ವಾರಗಟ್ಟಲೆ ಒಂದೇ ಅಂಕಿ ತೋರಿಸುವ ಸೆನ್ಸರ್ ಸತ್ತಿರುತ್ತದೆ.

ಮತ್ತೆ ಶುರು ಮಾಡುವ ಮುಂಚೆ

ಆಯಿಲ್ ಮಿಸ್ಟ್ ಅಲಾರಂನಿಂದ ಇಂಜಿನ್ ನಿಂತಿದ್ದರೆ ಇಂಜಿನ್ ಹೊಟ್ಟೆಯಾದ ಕ್ರ್ಯಾಂಕ್‌ಕೇಸ್ ಬಾಗಿಲು ತೆಗೆಯಬೇಡಿ. ಒಳಗೆ ಬಿಸಿ ಬೇರಿಂಗ್, ಸುತ್ತ ಎಣ್ಣೆಯ ಮಂಜು ಇರುತ್ತದೆ. ಬಾಗಿಲು ತೆಗೆದರೆ ನೀವೇ ಗಾಳಿ ಕೊಟ್ಟ ಹಾಗೆ, ಸ್ಫೋಟ ಆಗಬಹುದು. ಆರಲು ಬಿಡಿ, ತಯಾರಕರು ಹೇಳಿದಷ್ಟು ಹೊತ್ತು. 11 ಸಾವಿರ ವೋಲ್ಟ್ ಕಡೆ ಅರ್ತಿಂಗ್ ಹಾಕದೆ, ಪರ್ಮಿಟ್ ಇಲ್ಲದೆ ಕೈ ಹಾಕಲೇಬೇಡಿ, ಚೀಫ್ ಇಂಜಿನಿಯರ್ ಎಷ್ಟೇ ಕೂಗಲಿ. ಲ್ಯೂಬ್ ಒತ್ತಡದಿಂದ ನಿಂತ ಇಂಜಿನ್ ಅನ್ನು ಎಣ್ಣೆ ಕೊಟ್ಟು ಟರ್ನಿಂಗ್ ಗೇರಿನಲ್ಲಿ ಒಂದೆರಡು ಸುತ್ತು ತಿರುಗಿಸಿ ನೋಡಿ, ಬಿಗಿ ಇಲ್ಲ ಅಂತಾದರೆ ಮಾತ್ರ ಶುರು ಮಾಡುವ ಗಾಳಿ ಕೊಡಿ. ಬಂಡೆ ಎದುರಿಗಿದ್ದರೆ ಈ ಲೆಕ್ಕ ಬೇರೆ, ಆಗ ಕ್ಯಾಪ್ಟನ್ ಮಾತೇ ಕೊನೆ.

ರೀಸೆಟ್ ಒಂದು ಸಲ ಒತ್ತಿ. ಮತ್ತೆ ಬಿದ್ದರೆ ಕಾರಣ ಸಿಗುವವರೆಗೆ ಕೈ ಹಿಂದೆ ಕಟ್ಟಿಕೊಳ್ಳಿ.

ಲಾಗ್ ಬುಕ್ಕಿನಲ್ಲಿ ಏನು ಬರೆಯುತ್ತೀರಿ ಅನ್ನುವುದೂ ರಿಪೇರಿಯ ಭಾಗವೇ. ಮೊದಲ ಅಲಾರಂ ಯಾವುದು, ಎಷ್ಟು ಹೊತ್ತಿಗೆ, ಯಾವ ಗಡಿಯಾರದಲ್ಲಿ, ಕೈಯಲ್ಲಿ ಅಳೆದ ಅಂಕಿ ಎಷ್ಟು, ಏನು ಬಿಚ್ಚಿದಿರಿ, ಒಳಗೆ ಏನಿತ್ತು. ಕಾರಣ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ. ಆ ಸ್ಟ್ರೇನರ್ ಪ್ರಕರಣ ಮುಗಿದ ಮೇಲೆ ಚೀಫ್ ಹಿಂದಿನ ಎರಡು ವಾರದ ಲಾಗ್ ತರಿಸಿದ್ದರು. ಟ್ರಾನ್ಸ್‌ಫಾರ್ಮರ್ ತಾಪ ಜಾಸ್ತಿ, ರೀಸೆಟ್ ಮಾಡಿದೆ, ಸರಿಯಾಯಿತು, ಅಂತ ಮೂರು ಕಡೆ ಇತ್ತು. ಚೀಫ್ ಮೂರರ ಕೆಳಗೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಎರಡು ನನ್ನ ಕೈಬರಹ.